ಗಾಳಿ ತುಂಬಿದ ತಾರಾಲಯ: ನಿಮ್ಮ ಶಾಲೆಗೆ ತರಿಸುವುದು ಹೇಗೆ?

ನೆಲದ ಮೇಲೆ ಒಂದು ದೊಡ್ಡ ಕಪ್ಪು ಬಟ್ಟೆಯ ಗಂಟು. ಮದುವೆ ಮನೆಯ ಶಾಮಿಯಾನ ಮಡಚಿಟ್ಟ ಹಾಗಿದೆ. ಇಬ್ಬರು ಅದನ್ನು ಬಿಚ್ಚಿ ಹರವುತ್ತಾರೆ. ಬದಿಯಲ್ಲಿರುವ ತೂತಿಗೆ ಫ್ಯಾನಿನ ಬಾಯಿ ಕಟ್ಟಿ ಸ್ವಿಚ್ ಹಾಕುತ್ತಾರೆ. ಮೊದಲು ಅಂಚಿನಲ್ಲಿ ಬಟ್ಟೆ ಅಲೆಯಾಡುತ್ತದೆ. ಆಮೇಲೆ ನಡುಭಾಗ ಉಬ್ಬುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸುಮಾರು ಎರಡಾಳೆತ್ತರದ ಗುಮ್ಮಟ ಎದ್ದು ನಿಂತಿರುತ್ತದೆ. ಶಿರಾ ಕಡೆಯ ನಮ್ಮ ಶಾಲೆಗೆ ಇದು ಮೊದಲ ಸಲ ಬಂದಾಗ, ಕಿಟಕಿಯ ಸರಳು ಹಿಡಿದು ನೋಡುತ್ತಿದ್ದ ಆರನೇ ಕ್ಲಾಸಿನ ಹುಡುಗ "ಸಾ, ಮಲಗಿದ್ದ ಎಮ್ಮೆ ಎದ್ದಂಗಾತು" ಎಂದ.

ಇದೇ ಸಂಚಾರಿ ತಾರಾಲಯ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನೋ ಮಂಗಳೂರಿನ ಪಿಲಿಕುಳದ ತಾರಾಲಯವನ್ನೋ ನೀವು ನೋಡಿರಬಹುದು. ಅಲ್ಲಿ ಕಟ್ಟಡದ ಗುಮ್ಮಟವೇ ಪರದೆ. ಇಲ್ಲಿ ಬಟ್ಟೆಯ ಗುಮ್ಮಟ ಪರದೆಯಾಗುತ್ತದೆ, ಅಷ್ಟೇ ವ್ಯತ್ಯಾಸ. ಮಕ್ಕಳನ್ನು ಬಸ್ಸು ಹತ್ತಿಸಿ ಇನ್ನೂರು ಕಿಲೋಮೀಟರ್ ಕರೆದೊಯ್ಯುವ ಬದಲು ತಾರಾಲಯವೇ ಒಂದು ವ್ಯಾನಿನಲ್ಲಿ ನಿಮ್ಮ ಊರಿಗೆ ಬರುತ್ತದೆ. ಇದನ್ನು ತರಿಸುವುದು ಹೇಗೆ, ತರಿಸುವ ಮೊದಲು ಏನೇನು ನೋಡಬೇಕು, ದುಡ್ಡು ಎಷ್ಟಾದೀತು ಎಂದು ಕೇಳುವ ಶಿಕ್ಷಕರೂ ಎಸ್‌ಡಿಎಂಸಿ ಸದಸ್ಯರೂ ಸಿಗುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಬಂದ ದಾರಿ. ಯಂತ್ರದಿಂದ ಗುಮ್ಮಟದ ಮೇಲೆ ನಕ್ಷತ್ರ ಮೂಡಿಸುವ ತಾರಾಲಯ ಮೊದಲು ಕಂಡದ್ದು 1923ರಲ್ಲಿ, ಜರ್ಮನಿಯ ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿ. ಜೈಸ್ ಕಂಪನಿಯ ವಾಲ್ಟರ್ ಬಾವರ್ಸ್‌ಫೆಲ್ಡ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದ್ದರು. ಅದು ಭಾರೀ ಯಂತ್ರ, ದುಬಾರಿ ಯಂತ್ರ. ದೊಡ್ಡ ಊರುಗಳಿಗೆ ಮಾತ್ರ ಎಟುಕುವಂಥದ್ದು. 1977ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಫಿಲಿಪ್ ಸ್ಯಾಡ್ಲರ್ ಎಂಬ ಶಿಕ್ಷಕರು ಗಾಳಿ ತುಂಬಿ ಎಬ್ಬಿಸುವ ಗುಮ್ಮಟವನ್ನೂ ಅದರ ನಡುವೆ ಇಡುವ ಚಿಕ್ಕ ದೀಪಯಂತ್ರವನ್ನೂ ಮಾಡಿದರು. ಅದಕ್ಕೆ ಸ್ಟಾರ್‌ಲ್ಯಾಬ್ ಎಂದು ಹೆಸರಾಯಿತು. ಅಲ್ಲಿ ಬಹಳ ಕಡೆ ಒಂದು ವಲಯದ ಶಾಲೆಗಳೆಲ್ಲ ಸೇರಿ ಒಂದೇ ಗುಮ್ಮಟ ಇಟ್ಟುಕೊಳ್ಳುತ್ತವೆ. ಶಿಕ್ಷಕರು ಒಂದು ತರಬೇತಿ ಮುಗಿಸಿದರೆ, ಲೈಬ್ರರಿಯಿಂದ ಪುಸ್ತಕ ಎರವಲು ತಂದ ಹಾಗೆ ಅದನ್ನು ಕೆಲವು ದಿನ ತಮ್ಮ ಶಾಲೆಗೆ ತಂದುಕೊಳ್ಳಬಹುದು. ಗುಮ್ಮಟ ಎಬ್ಬಿಸುವವರೂ ಅವರೇ, ಒಳಗೆ ಪಾಠ ಮಾಡುವವರೂ ಅವರೇ. ನಮ್ಮಲ್ಲಿ ಬಹುಮಟ್ಟಿಗೆ ನಡೆಸುವವರೂ ಗುಮ್ಮಟದ ಜೊತೆಗೇ ಬರುತ್ತಾರೆ. ಈ ವ್ಯತ್ಯಾಸ ದೊಡ್ಡದು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಇಷ್ಟು ದೊಡ್ಡ ಗುಮ್ಮಟ ಕಂಬವಿಲ್ಲದೆ ಹೇಗೆ ನಿಲ್ಲುತ್ತದೆ? ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿರುತ್ತದೆ. ಎಷ್ಟು ಹೆಚ್ಚು ಎಂದರೆ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಿವಿ ಕಟ್ಟುವುದಿಲ್ಲ, ಉಸಿರು ಸಿಕ್ಕಿಕೊಳ್ಳುವುದಿಲ್ಲ. ಬಟ್ಟೆ ಹಗುರ, ಹರವು ಅಗಲ. ಹಾಗಾಗಿ ಅಷ್ಟು ಒತ್ತಡ ಸಾಕು. ಫ್ಯಾನು ನಿರಂತರ ಓಡುತ್ತಲೇ ಇರಬೇಕು. ಹೊಲಿಗೆಯ ಸಂದಿಗಳಿಂದ, ಬಾಗಿಲಿನಿಂದ ಸೋರುವ ಗಾಳಿಯನ್ನು ಅದು ತುಂಬಿಕೊಡುತ್ತದೆ. ಸೋರಿಕೆಯೂ ಒಳ್ಳೆಯದೇ. ಒಳಗೆ ಕೂತ ಮಕ್ಕಳಿಗೆ ಹೊಸ ಗಾಳಿ ಸಿಗುವುದು ಅದರಿಂದಲೇ. ಬಾಗಿಲು ಎಂದರೆ ಒಂದು ಬಟ್ಟೆಯ ಸುರಂಗ ಅಥವಾ ಜಿಪ್ ಹಾಕಿದ ಸೀಳು. ಬಗ್ಗಿಕೊಂಡು ನುಸುಳಬೇಕು. ಮಕ್ಕಳಿಗೆ ಅರ್ಧ ಖುಷಿ ಅಲ್ಲೇ ಸಿಕ್ಕಿಬಿಡುತ್ತದೆ.

ಇನ್ನು ನಕ್ಷತ್ರ ಮೂಡಿಸುವ ಯಂತ್ರ. ಇದರಲ್ಲಿ ಎರಡು ಬಗೆ. ಹಳೆಯದು ಉರುಳೆಯ ಬಗೆ. ಒಂದು ಉರುಳೆಯೊಳಗೆ ಚಿಕ್ಕ ದೀಪ, ಉರುಳೆಯ ಮೈತುಂಬ ನಕ್ಷತ್ರಗಳ ಜಾಗದಲ್ಲಿ ಬೆಳಕಿನ ಚುಕ್ಕಿಗಳು. ದೀಪ ಹೊತ್ತಿಸಿದರೆ ಗುಮ್ಮಟದ ತುಂಬ ನಕ್ಷತ್ರ. ಉರುಳೆ ತಿರುಗಿಸಿದರೆ ಆಕಾಶ ತಿರುಗುತ್ತದೆ. ಕೆಡುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಹೊಸದು ಡಿಜಿಟಲ್ ಬಗೆ. ಸಾಮಾನ್ಯ ಪ್ರೊಜೆಕ್ಟರ್‌ಗೆ ಮೀನುಗಣ್ಣಿನ ಮಸೂರ, ಅಂದರೆ ಚಿತ್ರವನ್ನು ಅರ್ಧ ಗೋಳದಷ್ಟು ಅಗಲಕ್ಕೆ ಹರಡುವ ಲೆನ್ಸ್, ಜೋಡಿಸಿರುತ್ತಾರೆ. ಕೆಲವರು ಲೆನ್ಸ್ ಬದಲು ಉಬ್ಬು ಕನ್ನಡಿ ಇಟ್ಟು, ಅದರ ಮೇಲೆ ಬೆಳಕು ಬೀಳಿಸಿ ಗುಮ್ಮಟಕ್ಕೆ ಹಾಯಿಸುತ್ತಾರೆ. ಕನ್ನಡಿ ಅಗ್ಗ, ಅಂಚಿನಲ್ಲಿ ಇಟ್ಟರಾಯಿತು, ನಡುವಿನ ಜಾಗ ಮಕ್ಕಳಿಗೆ ಉಳಿಯುತ್ತದೆ. ಆದರೆ ಕೆಲವು ಕಡೆ ಚಿತ್ರ ತುಸು ಮಸುಕಾಗುತ್ತದೆ.

ಡಿಜಿಟಲ್ ಎಂದ ಕೂಡಲೇ ಬಹಳ ಸ್ಪಷ್ಟ ಎಂದುಕೊಳ್ಳಬೇಡಿ. ಸಾಮಾನ್ಯ ಫುಲ್ ಎಚ್‌ಡಿ ಪ್ರೊಜೆಕ್ಟರ್‌ನಲ್ಲಿ ಮೇಲಿಂದ ಕೆಳಕ್ಕೆ 1,080 ಚುಕ್ಕಿಗಳಿರುತ್ತವೆ. ಅಷ್ಟರಲ್ಲೇ ಗುಮ್ಮಟದ 180 ಡಿಗ್ರಿ ತುಂಬಬೇಕು. ಅಂದರೆ ಒಂದು ಡಿಗ್ರಿಗೆ ಆರು ಚುಕ್ಕಿ. ಆಕಾಶದ ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ ಅಗಲ. ಲೆಕ್ಕ ಹಾಕಿ: ಗುಮ್ಮಟದಲ್ಲಿ ಅವನಿಗೆ ಸಿಗುವುದು ಮೂರೇ ಚುಕ್ಕಿ! ಅದಕ್ಕೇ ತೋರಿಸುವವರು ಚಂದ್ರನನ್ನು ಬೇಕೆಂದೇ ದೊಡ್ಡದು ಮಾಡಿರುತ್ತಾರೆ. ಮಕ್ಕಳಿಗೆ ಇದನ್ನು ಹೇಳಿಬಿಡಿ. ಇಲ್ಲವಾದರೆ ಮನೆಗೆ ಹೋಗಿ ನಿಜವಾದ ಚಂದ್ರ ಚಿಕ್ಕದಾಯಿತು ಎಂದುಕೊಳ್ಳುತ್ತಾರೆ.

ಜಾಗದ ವಿಷಯಕ್ಕೆ ಬರೋಣ. ಇಲ್ಲೇ ಬಹಳ ಶಾಲೆಗಳು ಎಡವುವುದು. ಐದು ಮೀಟರ್ ವ್ಯಾಸದ ಗುಮ್ಮಟದಲ್ಲಿ ಇಪ್ಪತ್ತೈದರಿಂದ ಮೂವತ್ತು ಮಕ್ಕಳು ಕೂರಬಹುದು. ಸುರಂಗ, ಫ್ಯಾನು ಸೇರಿದರೆ ಆರು ಮೀಟರ್ ಅಗಲ, ಏಳು ಮೀಟರ್ ಉದ್ದದ ಸಮತಟ್ಟಾದ ನೆಲ ಬೇಕು. ಎತ್ತರ ಕನಿಷ್ಠ ಮೂರೂವರೆ ಮೀಟರ್. ನಾವು ಮೊದಲ ಸಲ ಉದ್ದಗಲ ಅಳೆದೆವು, ಸೂರಿನ ಎತ್ತರವನ್ನೂ ಅಳೆದೆವು. ತೂಗುವ ಫ್ಯಾನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗುಮ್ಮಟ ಏಳುತ್ತಾ ಏಳುತ್ತಾ ಹೋಗಿ ಸೀಲಿಂಗ್ ಫ್ಯಾನಿನ ರೆಕ್ಕೆಗೆ ತಾಗಿ ನಿಂತಿತು. ಎಲ್ಲ ಬಿಚ್ಚಿ, ಮಡಚಿ, ಊರಿನ ಸಮುದಾಯ ಭವನಕ್ಕೆ ಹೊತ್ತೊಯ್ಯಬೇಕಾಯಿತು. ಒಂದೂವರೆ ಗಂಟೆ ಹೋಯಿತು, ಎರಡು ಪ್ರದರ್ಶನ ಕೈತಪ್ಪಿತು. ಆದ್ದರಿಂದ ಟೇಪು ಹಿಡಿದು ನೆಲದಿಂದ ಫ್ಯಾನಿನ ರೆಕ್ಕೆಯವರೆಗೆ, ತೊಲೆಯ ಅಡಿಯವರೆಗೆ ಅಳೆಯಿರಿ. ಸರ್ಕಾರಿ ಶಾಲೆಯ ಮಾಮೂಲಿ ತರಗತಿ ಕೋಣೆಯ ಎತ್ತರ ಹೆಚ್ಚಾಗಿ ಸಾಲುವುದಿಲ್ಲ. ಸಮುದಾಯ ಭವನ, ಕಲ್ಯಾಣ ಮಂಟಪ, ಪಕ್ಕದ ಹೈಸ್ಕೂಲಿನ ಹಾಲು, ಇವುಗಳಲ್ಲಿ ಯಾವುದಿದೆ ನೋಡಿಕೊಳ್ಳಿ.

"ಆಟದ ಮೈದಾನದಲ್ಲಿ ಎಬ್ಬಿಸಿದರೆ ಆಗದೇ?" ಎಂದು ಕೇಳುತ್ತೀರಿ. ಬೇಡ. ಬಟ್ಟೆಯ ಗುಮ್ಮಟ ಗಾಳಿಗೆ ಹಾಯಿಯಂತೆ ಸಿಕ್ಕಿಕೊಳ್ಳುತ್ತದೆ. ಒಂದು ಸುಳಿಗಾಳಿ ಬಂದರೂ ಅಪಾಯ. ಬಿಸಿಲಿಗೆ ಒಳಗಿನ ಶಾಖವೂ ಏರುತ್ತದೆ, ಬೆಳಕೂ ನುಸುಳುತ್ತದೆ. ಹೊರಗೇ ಎಬ್ಬಿಸೋಣ ಎಂದು ಯಾರಾದರೂ ಧೈರ್ಯ ಕೊಟ್ಟರೆ ಒಪ್ಪಬೇಡಿ.

ಕರೆಂಟು ಎಷ್ಟು ಬೇಕು? ಫ್ಯಾನು, ಪ್ರೊಜೆಕ್ಟರು, ಲ್ಯಾಪ್‌ಟಾಪು, ಧ್ವನಿಪೆಟ್ಟಿಗೆ ಎಲ್ಲ ಸೇರಿದರೂ ಸಾಮಾನ್ಯವಾಗಿ ಒಂದು ಕಿಲೋವ್ಯಾಟ್ ಒಳಗೇ. ಇಸ್ತ್ರಿ ಪೆಟ್ಟಿಗೆಯಷ್ಟು ಎಂದುಕೊಳ್ಳಿ. ಸಮಸ್ಯೆ ಕರೆಂಟು ಹೋಗುವುದರದ್ದು. ನಮ್ಮಲ್ಲಿ ಪ್ರದರ್ಶನದ ನಡುವೆ ಒಮ್ಮೆ ಹೋಗಿಯೇ ಬಿಟ್ಟಿತು. ಫ್ಯಾನಿನ ಸದ್ದು ನಿಂತಿತು. ಕತ್ತಲು. ನೆತ್ತಿಯ ಬಟ್ಟೆ ಮೆಲ್ಲಗೆ ಇಳಿಯತೊಡಗಿತು. ಎರಡನೇ ಸಾಲಿನಲ್ಲಿ ಒಬ್ಬಳು ಚೀರಿದಳು, ಮಿಕ್ಕವರೂ ಚೀರಿದರು. ಯಾರಿಗೂ ಏನೂ ಆಗಲಿಲ್ಲ. ಗುಮ್ಮಟ ದಢಾರನೆ ಬೀಳುವುದಿಲ್ಲ, ಹಲವು ನಿಮಿಷ ಹಿಡಿದು ಇಳಿಯುತ್ತದೆ. ಬಟ್ಟೆ ಮೈಮೇಲೆ ಬಿದ್ದರೂ ಹೊದಿಕೆಯಷ್ಟೇ ಭಾರ. ಆದರೆ ಇದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕಿತ್ತು. ಈಗ ನಾನು ಒಳಗೆ ಹೋಗುವ ಮೊದಲೇ ಹೇಳುತ್ತೇನೆ: "ಫ್ಯಾನು ನಿಂತರೆ ಯಾರೂ ಏಳಬಾರದು. ಕೂತಲ್ಲೇ ಕೈ ಮೇಲೆತ್ತಿ ಬಟ್ಟೆ ಹಿಡಿಯಿರಿ. ನಾನು ಬಾಗಿಲು ತೆಗೆಯುತ್ತೇನೆ." ಒಮ್ಮೆ ಹೊರಗೇ ಅಭ್ಯಾಸ ಮಾಡಿಸುತ್ತೇನೆ. ಆಮೇಲೆ ಅದು ಮಕ್ಕಳಿಗೆ ಆಟವಾಗುತ್ತದೆ. ಫ್ಯಾನಿಗಾದರೂ ಇನ್ವರ್ಟರ್ ಅಥವಾ ಜನರೇಟರ್ ಇರಲಿ. ಆ ದಿನ ಕರೆಂಟು ಯಾವ ಹೊತ್ತಿಗೆ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಲೈನ್‌ಮನ್‌ನನ್ನು ಕೇಳಿಕೊಳ್ಳಿ.

ಇನ್ನೂ ಕೆಲವು ಎಚ್ಚರ. ಬಟ್ಟೆ ಬೆಂಕಿ ಹತ್ತಿಕೊಳ್ಳದ ಬಗೆಯದೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಜಿಪ್ಪಿನ ಬಾಗಿಲಲ್ಲದೆ ತುರ್ತಾಗಿ ಹೊರಬರುವ ಇನ್ನೊಂದು ದಾರಿ ಎಲ್ಲಿದೆ ಎಂದು ತೋರಿಸಿಕೊಳ್ಳಿ. ಮಕ್ಕಳು ಚಪ್ಪಲಿ ಹೊರಗೆ ಬಿಡಬೇಕು. ಕಂಪಾಸು, ಪೆನ್ನು, ಚೂಪು ಕ್ಲಿಪ್ಪು ಕೂಡ ಹೊರಗೇ. ಒಬ್ಬರು ಶಿಕ್ಷಕರು ಒಳಗೆ, ಒಬ್ಬರು ಹೊರಗೆ ಫ್ಯಾನಿನ ಹತ್ತಿರ. ಕತ್ತಲೆಗೆ ಹೆದರುವವರನ್ನೂ ದಮ್ಮು ಇರುವವರನ್ನೂ ಬಾಗಿಲ ಬಳಿ ಕೂರಿಸಿ. ಮೂರ್ಛೆ ರೋಗದ ಮಕ್ಕಳಿದ್ದರೆ ಮಿಣುಕುವ ಬೆಳಕಿನ ದೃಶ್ಯ ಹಾಕಬಾರದೆಂದು ಮೊದಲೇ ತಿಳಿಸಿ. ಗಾಲಿಕುರ್ಚಿಯ ಮಗುವಿದ್ದರೆ ಸುರಂಗದ ಗುಮ್ಮಟ ಬೇಡ, ಅಗಲ ಜಿಪ್ಪಿನದು ಬೇಕೆಂದು ಕಾಯ್ದಿರಿಸುವಾಗಲೇ ಹೇಳಿ. ಆ ಮಗು ಹೊರಗೆ ಉಳಿದು ಉಳಿದವರೆಲ್ಲ ಒಳಗೆ ಹೋದರೆ ಆ ದಿನಕ್ಕೆ ಅರ್ಥವಿಲ್ಲ.

ಈಗ ನಾನು ಮುಖ್ಯವೆಂದು ನಂಬಿರುವ ಮಾತು. ಗುಮ್ಮಟದೊಳಗೆ ಏನು ತೋರಿಸುತ್ತಾರೆ? ಬಹಳ ಕಡೆ ಸಿದ್ಧಪಡಿಸಿದ ಸಿನಿಮಾ. ಡೈನೋಸಾರು ಓಡುತ್ತದೆ, ರಾಕೆಟ್ಟು ಹಾರುತ್ತದೆ, ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ನಮಗೆ ಮೊದಲ ವರ್ಷ ಹೀಗೇ ಆಯಿತು. ಅದೂ ಇಂಗ್ಲಿಷಿನಲ್ಲಿ. ಮಕ್ಕಳು ಕೂಗಿ ಖುಷಿಪಟ್ಟರು, ನಿಜ. ಮಾರನೆಯ ದಿನ ಕೇಳಿದರೆ ಒಂದು ನಕ್ಷತ್ರದ ಹೆಸರೂ ನೆನಪಿರಲಿಲ್ಲ. ಸಿನಿಮಾ ಟೀವಿಯಲ್ಲೂ ಸಿಗುತ್ತದೆ. ಗುಮ್ಮಟಕ್ಕೆ ಮಾತ್ರ ಸಾಧ್ಯವಾದದ್ದು ಬೇರೆ ಇದೆ: ಇಡೀ ಆಕಾಶವನ್ನು ತಲೆಯ ಮೇಲೆ ತಂದು, ಬೇಕಾದ ಹಾಗೆ ತಿರುಗಿಸಿ, ಬೇಕಾದಲ್ಲಿ ನಿಲ್ಲಿಸುವುದು. ಆದ್ದರಿಂದ ಕಾಯ್ದಿರಿಸುವಾಗಲೇ ಹೇಳಿ: "ನಮಗೆ ಸಿನಿಮಾ ಹತ್ತು ನಿಮಿಷ ಸಾಕು. ಇಪ್ಪತ್ತು ನಿಮಿಷ ಇವತ್ತಿನ ರಾತ್ರಿಯ ಆಕಾಶ ತೋರಿಸಿ. ನಮ್ಮ ಊರಿನ ಅಕ್ಷಾಂಶ ಹಾಕಿ. ಕನ್ನಡದಲ್ಲಿ ನಾವೇ ಮಾತಾಡುತ್ತೇವೆ." ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶವಿದೆ. ಡಿಜಿಟಲ್ ಗುಮ್ಮಟಕ್ಕೂ ಅದು ಹೊಂದುತ್ತದೆ. ನಕ್ಷತ್ರಗಳ ಭಾರತೀಯ ಹೆಸರುಗಳನ್ನೂ ಅದರಲ್ಲಿ ಹಾಕಿಕೊಳ್ಳಬಹುದು. ಒಂದು ವಾರ ಮೊದಲು ಮನೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಶಿಕ್ಷಕರೇ ಕಲಿತು, ಎರವಲು ತಂದು, ತಾವೇ ತೋರಿಸುವ ಪದ್ಧತಿ ಮೇಲು ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಮಕ್ಕಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಹೊರಗಿನಿಂದ ಬಂದವರಿಗೆ ಹೇಗೆ ತಿಳಿದೀತು?

ಒಂದು ಉದಾಹರಣೆ ಕೊಡುತ್ತೇನೆ. ಎರಡನೇ ವರ್ಷ ನಾನೇ ಕೀಲಿಮಣೆಯ ಮುಂದೆ ಕೂತಿದ್ದೆ. ಏಳನೇ ಕ್ಲಾಸಿನ ಹುಡುಗಿ ಕತ್ತಲಲ್ಲಿ ಕೇಳಿದಳು: "ಸಾ, ನಮ್ಮಜ್ಜ ಆರಿದ್ರ ಮಳೆ ಅಂತಾರಲ್ಲ, ಆ ಆರಿದ್ರ ಎಲ್ಲೈತೆ?" ಮಹಾವ್ಯಾಧನ ಭುಜದ ಕೆಂಪು ನಕ್ಷತ್ರ ತೋರಿಸಿ, ಇದೇ ಆರಿದ್ರ ಎಂದೆ. ಅವಳು ಬಿಡಲಿಲ್ಲ. "ಇದು ಚಳಿಗಾಲದಾಗೆ ಕಾಣ್ತೈತೆ ಅಂದ್ರಿ. ಮಳೆ ಬರಾದು ಜೂನಾಗೆ." ಎಂಥ ಪ್ರಶ್ನೆ! ತಾರೀಖನ್ನು ಜೂನ್ 25ಕ್ಕೆ ಸರಿಸಿದೆ. ಮಧ್ಯಾಹ್ನ ಮಾಡಿದೆ. ಗುಮ್ಮಟ ನೀಲಿಯಾಯಿತು, ಸೂರ್ಯ ನೆತ್ತಿಯ ಹತ್ತಿರ. ಆಮೇಲೆ ವಾತಾವರಣದ ಬೆಳಕನ್ನು ಆರಿಸುವ ಗುಂಡಿ ಒತ್ತಿದೆ. ನೀಲಿ ಹೋಗಿ ಕಪ್ಪಾಯಿತು. ಸೂರ್ಯ ಅಲ್ಲೇ ಇದ್ದ. ಅವನ ತುಸು ದಕ್ಷಿಣಕ್ಕೆ ಅದೇ ಕೆಂಪು ಆರಿದ್ರ.

ಎಲ್ಲರೂ ಸುಮ್ಮನಾದರು. ಆಮೇಲೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಮಳೆ ನಕ್ಷತ್ರ ಎಂದರೆ ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದ ಮನೆಯಲ್ಲಿ ಇದ್ದಾನೋ ಅದು. ಅವನ ಬೆಳಕಿನಲ್ಲಿ ಅದು ನಮಗೆ ಕಾಣುವುದಿಲ್ಲ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇದ್ದು ಮುಂದಕ್ಕೆ ಹೋಗುತ್ತಾನೆ. ದಿನ ಓಡಿಸಿದೆ. ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಮಕ್ಕಳೇ ಮುಂದೆ ಮುಂದೆ ಹೇಳುತ್ತಾ ಹೋದರು. ಮನೆಯಲ್ಲಿ ಬಿತ್ತನೆಯ ಮಾತಿನಲ್ಲಿ ಕೇಳಿದ ಹೆಸರುಗಳು ಅವು. ಬಯಲಿನಲ್ಲಿ ನಿಂತು ಎಷ್ಟು ವರ್ಷ ಆಕಾಶ ನೋಡಿದರೂ ಈ ದೃಶ್ಯ ಕಣ್ಣಿಗೆ ಬೀಳದು, ಸೂರ್ಯ ಬಿಡುವುದಿಲ್ಲ. ಗುಮ್ಮಟದಲ್ಲಿ ಒಂದು ಗುಂಡಿಯ ಕೆಲಸ.

ಮಕ್ಕಳನ್ನು ಹೀಗೆ ಅಣಿಗೊಳಿಸಲು ಹಿಂದಿನ ವಾರ ಒಂದು ಹಳೆಯ ಕಪ್ಪು ಕೊಡೆ ಸಾಕು. ಅದರ ಒಳಮೈಯಲ್ಲಿ ಸೀಮೆಸುಣ್ಣದಿಂದ ಸಪ್ತರ್ಷಿ ಮಂಡಲ ಬರೆಯಿರಿ. ಕೊಡೆಯ ತುದಿಯೇ ಧ್ರುವ ನಕ್ಷತ್ರ. ತುದಿಯನ್ನು ಉತ್ತರಕ್ಕೆ ಮಾಡಿ, ನಿಮ್ಮ ಊರಿನ ಅಕ್ಷಾಂಶದಷ್ಟು ಮೇಲಕ್ಕೆತ್ತಿ ಹಿಡಿಯಿರಿ. ಬೆಂಗಳೂರಿಗೆ 13 ಡಿಗ್ರಿ, ಬೀದರಿಗೆ 18. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಶಿರಾದಲ್ಲಿ ಧ್ರುವ ದಿಗಂತದಿಂದ ಒಂದೂವರೆ ಮುಷ್ಟಿ ಮೇಲಿರುತ್ತದೆ. ಕೊಡೆಯನ್ನು ಹಿಡಿಯ ಸುತ್ತ ನಿಧಾನ ತಿರುಗಿಸಿದರೆ ಸಪ್ತರ್ಷಿಗಳು ಏಳುವುದು, ಮುಳುಗುವುದು ಕಾಣುತ್ತದೆ. ಇದನ್ನು ನೋಡಿ ಬಂದ ಮಗು ಗುಮ್ಮಟದಲ್ಲಿ ಕೂತಾಗ ಬಾಯಿ ಬಿಟ್ಟುಕೊಂಡು ನೋಡುವುದಿಲ್ಲ, ಹುಡುಕುತ್ತದೆ.

ಖರ್ಚಿನ ಲೆಕ್ಕ ಹೀಗೆ. ಖಾಸಗಿಯವರು ಎರಡು ರೀತಿಯಲ್ಲಿ ದರ ಹೇಳುತ್ತಾರೆ. ತಲೆಗಿಷ್ಟು ಎಂದು, ಇಲ್ಲವೇ ದಿನಕ್ಕಿಷ್ಟು ಎಂದು. ತಲೆ ಲೆಕ್ಕದಲ್ಲಿ ಕನಿಷ್ಠ ಇಷ್ಟು ಮಕ್ಕಳು ಇರಲೇಬೇಕು ಎಂಬ ಷರತ್ತು ಸಾಮಾನ್ಯ. ಬರೀ ಲೆಕ್ಕಕ್ಕೆಂದು ತಲೆಗೆ 60 ರೂಪಾಯಿ, ಕನಿಷ್ಠ 300 ಮಕ್ಕಳು ಎಂದಿಟ್ಟುಕೊಳ್ಳಿ. 18,000 ರೂಪಾಯಿ ಆಯಿತು. ನಿಮ್ಮಲ್ಲಿ 120 ಮಕ್ಕಳೇ ಇದ್ದರೆ ತಲೆಗೆ 150 ಬೀಳುತ್ತದೆ. ಆದ್ದರಿಂದ ಒಂಟಿ ಶಾಲೆ ತರಿಸಬೇಡಿ. ಸಿಆರ್‌ಪಿ ಅವರನ್ನು ಹಿಡಿದು ಕ್ಲಸ್ಟರಿನ ಮೂರು ನಾಲ್ಕು ಶಾಲೆ ಸೇರಿಸಿಕೊಳ್ಳಿ. ವ್ಯಾನಿನ ಬಾಡಿಗೆ, ಬಂದವರ ಊಟ, ಇಳಿದುಕೊಳ್ಳುವ ವ್ಯವಸ್ಥೆ ದರದಲ್ಲೇ ಸೇರಿದೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಬಟ್ಟೆ ಹರಿದರೆ ಯಾರು ಕೊಡಬೇಕು ಎಂಬುದೂ ಅದರಲ್ಲಿರಲಿ. ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ.

ಹೊತ್ತಿನ ಲೆಕ್ಕವೂ ಮುಖ್ಯ. ಅರ್ಧ ಗಂಟೆ ಪ್ರದರ್ಶನ, ಹತ್ತು ನಿಮಿಷ ಒಳಗೆ ಹೋಗಿ ಬರಲು. ಬೆಳಿಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ, ಬಿಸಿಯೂಟದ ಬಿಡುವು ಕಳೆದು, ಎಂಟು ಪ್ರದರ್ಶನ ಸಾಧ್ಯ. ಅಂದರೆ 200ರಿಂದ 240 ಮಕ್ಕಳು. ಒಂದೇ ದಿನ 500 ಮಕ್ಕಳಿಗೆ ತೋರಿಸುತ್ತೇವೆ ಎಂದರೆ ಹತ್ತು ನಿಮಿಷದ ಪ್ರದರ್ಶನ ಎಂದರ್ಥ. ಅದಕ್ಕೆ ಒಪ್ಪುವುದಕ್ಕಿಂತ ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಿ ಕೇಳಬೇಕು? ಮೊದಲು ಸರ್ಕಾರದ ದಾರಿ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಕೆಸ್ಟೆಪ್ಸ್ ಎಂಬ ಸಂಸ್ಥೆಯಿದೆ. 'ಶಾಲಾ ಅಂಗಳದಲ್ಲಿ ತಾರಾಲಯ' ಎಂಬ ಹೆಸರಿನಲ್ಲಿ ಸಂಚಾರಿ ಡಿಜಿಟಲ್ ತಾರಾಲಯದ ವಾಹನಗಳನ್ನು ಜಿಲ್ಲೆಗಳಿಗೆ ಕಳಿಸುವ ಕಾರ್ಯಕ್ರಮ ಅದರದು. ಹಳ್ಳಿಯ ಸರ್ಕಾರಿ ಶಾಲೆಗಳ ಮಕ್ಕಳನ್ನೇ ಮುಖ್ಯವಾಗಿ ಇಟ್ಟುಕೊಂಡು ಹುಟ್ಟಿದ್ದು. ವಾಹನ ನಿಮ್ಮ ತಾಲ್ಲೂಕಿಗೆ ಯಾವಾಗ ಎಂದು ಬಿಇಒ ಕಚೇರಿಯಲ್ಲಿ, ಡಿಡಿಪಿಐ ಕಚೇರಿಯಲ್ಲಿ ವಿಚಾರಿಸಿ. ಮುಖ್ಯೋಪಾಧ್ಯಾಯರ ಸಹಿಯ ಪತ್ರದಲ್ಲಿ ಮಕ್ಕಳ ಸಂಖ್ಯೆ, ಹಾಲಿನ ಅಳತೆ, ಕರೆಂಟಿನ ವ್ಯವಸ್ಥೆ, ಹತ್ತಿರದ ಶಾಲೆಗಳ ಹೆಸರು ಬರೆದರೆ ಕೆಲಸ ಬೇಗ ಆಗುತ್ತದೆ. ಬರೀ "ತಾರಾಲಯ ಕಳಿಸಿಕೊಡಿ" ಎಂಬ ಪತ್ರ ಕಡತದ ಅಡಿಗೆ ಹೋಗುತ್ತದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಜಿಲ್ಲಾ ಘಟಕಗಳು, ಇವರನ್ನೂ ಕೇಳಿ ನೋಡಿ. ಅವರ ಬಳಿ ಗುಮ್ಮಟ ಇಲ್ಲದಿದ್ದರೂ ಯಾರ ಬಳಿ ಇದೆ ಎಂಬುದು ಗೊತ್ತಿರುತ್ತದೆ. ದುಡ್ಡಿಗೆ ಗ್ರಾಮ ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳು, ಹತ್ತಿರದ ಸಹಕಾರ ಸಂಘ, ಈ ಮೂರು ಕಡೆಯವರೂ ನಮ್ಮ ಕೈ ಹಿಡಿದದ್ದುಂಟು.

ತಿಂಗಳು ಯಾವುದಾದರೆ ಒಳ್ಳೆಯದು? ನವೆಂಬರ್ ಕೊನೆಯಿಂದ ಜನವರಿಯವರೆಗೆ ಎನ್ನುತ್ತೇನೆ. ಗುಮ್ಮಟದೊಳಗೆ ಸೆಖೆಯಿಲ್ಲ, ಪರೀಕ್ಷೆಯ ಗಲಾಟೆ ಇನ್ನೂ ದೂರ, ಮೋಡ ಕಡಿಮೆ. ಮೋಡ ಯಾಕೆ ಮುಖ್ಯ ಎಂದರೆ ಅದೇ ರಾತ್ರಿ ಮಕ್ಕಳು ಮನೆಯ ಅಂಗಳದಲ್ಲಿ ನಿಜವಾದ ಆಕಾಶ ನೋಡಬೇಕು. ಮನೆಗೆಲಸವನ್ನು ಗುಮ್ಮಟದ ಒಳಗೇ ಕೊಟ್ಟುಬಿಡಿ. ಡಿಸೆಂಬರ್ ನಡುವಿನ ರಾತ್ರಿ ಎಂಟು ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ಬೀದಿ ದೀಪ ಬೆನ್ನಿಗಿರಲಿ. ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಮೇಲೆ ಕೃತ್ತಿಕೆಯ ಪುಟ್ಟ ಗೊಂಚಲು. ಅದರ ಕೆಳಗೆ ಕಿತ್ತಳೆಗೆಂಪಿನ ರೋಹಿಣಿ. ಇನ್ನೂ ಕೆಳಗೆ, ಮನೆ ಮರಗಳ ಮೇಲೆ, ಅಡ್ಡ ಮಲಗಿದ ಮಹಾವ್ಯಾಧ. ಅವನ ಸೊಂಟದ ಮೂರು ನಕ್ಷತ್ರ ಮೇಲಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ. ಅವುಗಳ ಎಡಕ್ಕಿರುವ ಕೆಂಪು ನಕ್ಷತ್ರವೇ ಆರಿದ್ರ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲಿ: ಎಷ್ಟು ಗಂಟೆಗೆ ಕಂಡಿತು, ಯಾವ ಮರದ ಮೇಲೆ ಕಂಡಿತು, ಜೊತೆಗೆ ಯಾರಿದ್ದರು.